ಕಿವಿಗೆ ಊದಿದ ಕಹಳೆ

ಕಹಳೆಯವನ ಹಣೆಗೆ ಉಗುಳು ಹಚ್ಚಿ ಅಂಟಿಸಿದ ಒಂದು ನೋಟು. ಜಿವಾದಿನ್ ಕೊಟ್ಟ ಬೆಲೆ ಅಷ್ಟೇ. ಉಳಿದದ್ದನ್ನೆಲ್ಲ ತೆತ್ತವಳು ವಿಡಾ. ನೀಶ್ ಪಟ್ಟಣದ ಕಿವಿ ವೈದ್ಯರಿಗೆ, ಅಲ್ಲಿಗೆ ಹೋಗಿ ಬರುವ ಬಸ್ಸಿಗೆ, ಹೊಟ್ಟೆ ಉರಿಸಿದ ಮಾತ್ರೆಗೆ, ಏನೂ ಮಾಡದ ಹನಿ ಔಷಧಿಗೆ, ಮಠದಿಂದ ತರಿಸಿದ ಎಣ್ಣೆಗೆ ತೆತ್ತಳು. ಒಂದು ಇಡೀ ಚಳಿಗಾಲದ ನಿದ್ದೆ ಕೊಟ್ಟಳು. ಟಿಕ್ ಟಿಕ್ ಅನ್ನುತ್ತದೆಂದು ಗೋಡೆ ಗಡಿಯಾರವನ್ನು ನಾದಿನಿಗೆ ಕೊಟ್ಟಳು. ಕೂಗುತ್ತದೆಂದು ಹುಂಜವನ್ನು ಸಾರು ಮಾಡಿದಳು.

ಇಷ್ಟೆಲ್ಲ ಆದ ಮೇಲೆ ಆ ಜಿವಾದಿನ್ ಈಗ ಅವಳದೇ ಅಂಗಳದಲ್ಲಿ ನಿಂತು, ಎರಡೂ ಕೈಯ ಬೆರಳುಗಳನ್ನು ಅಗಲಿಸಿ ಹಿಡಿದಿದ್ದ.

"ಹತ್ತು ಕಹಳೆ! ಮೇಲೆ ಎರಡು ಡೋಲು! ಎಕ್ರೆಮ್‌ಗೆ ಮುಂಗಡ ಕೊಟ್ಟಾಯ್ತು. ನಾನು ಹೆಸರಿಟ್ಟ ಹುಡುಗನ ಮದುವೆ ಅಂದ್ರೆ ಮೂರು ಊರಿಗೆ ಕೇಳ್ಬೇಕು."

"ಕೇಳ್ಸಿ ಕೂಮಣ್ಣ," ಎಂದಳು ವಿಡಾ, ಒಲೆಯಿಂದ ತಲೆ ಎತ್ತದೆ. "ಮೂರು ಊರಿಗೂ ಕೇಳ್ಸಿ. ನಾಲ್ಕನೇ ಊರಲ್ಲಿ ನಿಂತ್ಕೊಂಡು ಕೇಳ್ಸಿ."

ತಗಡಿನ ಒಲೆಯ ಮೇಲೆ ಕೆಂಪು ದಪ್ಪ ಮೆಣಸಿನಕಾಯಿಗಳು ಚಟಚಟ ಸಿಡಿಯುತ್ತಿದ್ದವು. ಪಕ್ಕದಲ್ಲಿ ಅವಳ ಗಂಡ ಒಬ್ರಾದ್ ಸುಟ್ಟ ಕಾಯಿಗಳ ಸಿಪ್ಪೆ ಸುಲಿದು ಬೋಗುಣಿಗೆ ಹಾಕುತ್ತಿದ್ದ. ಹೆಂಡತಿಯ ಮಾತು ಕಿವಿಗೆ ಬಿದ್ದದ್ದೇ ಅವನ ಕೈ ನಿಧಾನವಾಯಿತು.

ಜಿವಾದಿನ್ ಈ ಮನೆಯ ಕೂಮ. ವಿಡಾ ಮತ್ತು ಒಬ್ರಾದರ ಮದುವೆಯಲ್ಲಿ ಸಾಕ್ಷಿ ನಿಂತವನು ಅವನು. ಅವರ ಮಗ ವೆಲ್ಕೋವನ್ನು ಚರ್ಚಿನಲ್ಲಿ ತೋಳ ಮೇಲೆ ಹಿಡಿದು ಹೆಸರು ಹೇಳಿದವನೂ ಅವನೇ. ಅವನ ಅಪ್ಪ ಒಬ್ರಾದನ ಅಪ್ಪನಿಗೆ ಕೂಮನಾಗಿದ್ದ. ವ್ರಾನ್ಯೆ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹೆಂಡತಿಯನ್ನು ಬಿಟ್ಟವರಿದ್ದಾರೆ, ಜಮೀನಿಗಾಗಿ ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋದವರಿದ್ದಾರೆ. ಕೂಮನನ್ನು ಬಿಟ್ಟವರು ಮಾತ್ರ ಇಲ್ಲ.

"ಇನ್ನೂ ಆ ಕಿವಿ ಪುರಾಣ ಮುಗ್ದಿಲ್ವೇನಮ್ಮ?" ಎಂದ ಜಿವಾದಿನ್.

"ಮುಗೀತಾ ಬಂದಿತ್ತು. ನಿಮ್ಮ ಮುಖ ನೋಡಿದ್ ಕೂಡ್ಲೇ ಮತ್ತೆ ಶುರುವಾಯ್ತು."

ಅದು ಬರೀ ಚುಚ್ಚುಮಾತಲ್ಲ, ನಿಜ. ಎಡಗಿವಿಯೊಳಗೆ ಆ ಸಣ್ಣ ಸಿಳ್ಳೆ ಎದ್ದಿತ್ತು.

ಹೋದ ವರ್ಷ ಜಿವಾದಿನನ ಮಗಳ ಮದುವೆಯಲ್ಲಿ ನಡೆದದ್ದು ಅದು. ಕಹಳೆಯವನಿಗೆ ನೋಟು ಅಂಟಿಸಿ ಬೇಕಾದವರ ಕಿವಿಗೆ ಊದಿಸುವುದು ಅಲ್ಲಿನ ಮರ್ಯಾದೆ. ಎಷ್ಟು ಹತ್ತಿರ ಊದಿಸಿದರೆ ಅಷ್ಟು ಪ್ರೀತಿ. ಜಿವಾದಿನ್ ಕುಡಿದ ಖುಷಿಯಲ್ಲಿ, "ನಮ್ಮ ವಿಡಾಗೆ!" ಎಂದು ಕೂಗಿದ್ದ. ಎಕ್ರೆಮ್ ಕಹಳೆಯ ಬಾಯನ್ನು ಅವಳ ಕಿವಿಗೆ ಟೋಪಿಯ ಹಾಗೆ ಹಿಡಿದು ಇಡೀ ಹಾಡು ಊದಿದ್ದ. ಮುಖ ತಿರುಗಿಸಿದರೆ ಊದಿಸಿದವನಿಗೆ ಅವಮಾನ. ವಿಡಾ ತಿರುಗಿಸಲಿಲ್ಲ. ಕಣ್ಣಲ್ಲಿ ನೀರು ಬಂದರೂ ನಗುತ್ತ ನಿಂತಿದ್ದಳು. ಜನ ಚಪ್ಪಾಳೆ ತಟ್ಟಿದ್ದರು. ಮನೆಗೆ ಬಂದು ದಿಂಬಿಗೆ ತಲೆಯಿಟ್ಟಾಗ, ಯಾರೋ ಕೆಟಲ್ ಒಲೆಯ ಮೇಲೆ ಮರೆತಿದ್ದಾರೆ ಎಂದುಕೊಂಡು ಎದ್ದು ಅಡುಗೆಮನೆಗೆ ಹೋಗಿದ್ದಳು. ಒಲೆ ತಣ್ಣಗಿತ್ತು.

ನೀಶ್‌ನ ವೈದ್ಯರು ಕಿವಿ ನೋಡಿ, ಯಂತ್ರದ ಮುಂದೆ ಕೂರಿಸಿ, "ಕೇಳಿಸೋದು ಸ್ವಲ್ಪ ಕಡಿಮೆಯಾಗಿದೆ, ದೊಡ್ಡದೇನಲ್ಲ. ಅಭ್ಯಾಸ ಆಗುತ್ತೆ," ಎಂದರು. ಆ ಮಾತಿಗೆ ಅವಳಿಗೆ ಬಂದ ಸಿಟ್ಟು ಸಿಳ್ಳೆಗಿಂತ ಜೋರಾಗಿತ್ತು. ಜೈಲಿಗೆ ಹಾಕಿದವನಿಗೂ ಅಭ್ಯಾಸ ಆಗುತ್ತದೆ! ಮನೆಗೆ ಬಂದವಳು ಕಿವಿಗೆ ಹತ್ತಿ ತುರುಕಿಕೊಂಡಳು. ಕಿಟಕಿ ಮುಚ್ಚಿದಳು. ಒಬ್ರಾದನ ರೇಡಿಯೋ ಹಗೇವಿನಂಥ ನೆಲಮಾಳಿಗೆ ಸೇರಿತು. ಮನೆ ಸುಡುಗಾಡಿನಷ್ಟು ಸದ್ದಿಲ್ಲದಾಯಿತು. ಆಗ ಸಿಳ್ಳೆ ಮನೆಯ ಯಜಮಾನನಾಗಿ ಕೂತಿತು.

ವಸಂತದಲ್ಲಿ ವ್ರಾನ್ಯೆಯ ಆಸ್ಪತ್ರೆಯ ಹುಡುಗಿಯೊಬ್ಬಳು, ವಿಡಾಗೆ ಮಗಳಾಗುವ ವಯಸ್ಸಿನ ವೈದ್ಯೆ, ಕಿವಿಯಿಂದ ಹತ್ತಿ ತೆಗೆದು ಕಸದ ಬುಟ್ಟಿಗೆ ಹಾಕಿದಳು. "ಮನೆಗೆ ಕಳ್ಳ ಬಂದಿದಾನೆ ಅಂತ ಕತ್ತಲಲ್ಲಿ ಕಿವಿಗೊಟ್ಟು ಕೂತ ಹಾಗೆ ಕೂತಿದೀರಿ ಅಮ್ಮ. ಹಾಗೆ ಕೂತ್ರೆ ಇಲಿ ಓಡಾಡಿದ್ರೂ ಕಳ್ಳನೇ. ಮನೇಲಿ ಏನಾದ್ರೂ ಸಣ್ಣಗೆ ಸದ್ದು ಆಗ್ತಾ ಇರ್ಲಿ. ಆ ಸಿಳ್ಳೆನ ಓಡಿಸೋಕೆ ಹೋಗ್ಬೇಡಿ. ಇರ್ಲಿ ಬಿಡಿ, ನಿಮ್ಮ ಕೆಲಸ ನೀವು ಮಾಡಿ."

ವಿಡಾ ಅವಳ ಮೇಲೂ ಸಿಟ್ಟು ಮಾಡಿಕೊಂಡೇ ಎದ್ದು ಬಂದಳು. ಆದರೂ ಬಂದವಳೇ ಕಿಟಕಿ ತೆರೆದಳು. ಮಲಗುವಾಗ ಫ್ಯಾನು ಹಾಕಿದಳು. ಒಬ್ರಾದ್ ರೇಡಿಯೋ ಮೇಲೆ ತಂದ. ಬೇಸಿಗೆ ಕಳೆಯುವ ಹೊತ್ತಿಗೆ ಸಿಳ್ಳೆ ಹೋಗಿರಲಿಲ್ಲ, ಆದರೆ ಮೂಲೆಗೆ ಸರಿದಿತ್ತು. ಒಂದು ಸಂಜೆ ಮೆಣಸಿನಕಾಯಿ ಸುಟ್ಟು ಮುಗಿಸಿ ಕೈ ತೊಳೆಯುವಾಗ, ಬೆಳಗಿನಿಂದ ಅದರ ನೆನಪೇ ಆಗಿರಲಿಲ್ಲ ಎಂದು ಹೊಳೆಯಿತು. ನೆನಪಾದ್ದರಿಂದ ಮತ್ತೆ ಕೇಳಿಸಿತು. ಬೈದುಕೊಂಡೇ ಕೈ ಒರೆಸಿಕೊಂಡಳು.

ಈಗ ಎದುರಿಗೆ ನಿಂತ ಜಿವಾದಿನ್ ಮದುವೆಯ ದಿನದ ಒಂದೊಂದನ್ನೇ ಬಿಡಿಸಿ ಹೇಳುತ್ತಿದ್ದ. "ಗೇಟಿನಲ್ಲಿ ಒಂದು ಹಾಡು. ಚರ್ಚಿನಿಂದ ಬಂದ ಮೇಲೆ ಮೊದ್ಲು ಮದುಮಗಳ ಕಿವಿಗೆ. ಆಮೇಲೆ ಬೀಗರಿಗೆ..."

ವಿಡಾ ಇಕ್ಕಳ ಕೆಳಗಿಟ್ಟಳು. "ಯಾರ ಕಿವಿಗೆ?"

"ಮದುಮಗಳ ಕಿವಿಗೆ. ಇನ್ಯಾರ ಕಿವಿಗೆ?"

"ಯಾಗೊದಾಳ ಕಿವಿಗೆ ಊದಿಸ್ತೀರಾ? ನನಗೆ ಆದದ್ದು ಕಣ್ಣಾರೆ ನೋಡಿದ ಮೇಲೂ?"

"ಏನಾಯ್ತು ನಿಂಗೆ? ಕಿವಿ ಕುಯ್ಯ್ ಅಂತು. ನನ್ನದು ಇಪ್ಪತ್ತು ದಾಟಿದಾಗಿನಿಂದ ಅಂತಿದೆ. ನಮ್ಮಪ್ಪಂದೂ ಅಂತಿತ್ತು. ಕೂಮನಾದೋನು ಎಷ್ಟು ಮದುವೆ ತಿರುಗ್ತಾನೆ, ಎಷ್ಟು ಜನ ಊದಿಸ್ತಾರೆ! ಅದಕ್ಕೆಲ್ಲ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ?"

ಒಬ್ರಾದ್ ಸುಲಿಯುವುದನ್ನು ನಿಲ್ಲಿಸಿಬಿಟ್ಟ. ಒಲೆಯ ಮೇಲೆ ಕಾಯಿಗಳು ಕರಿಯಾಗಿ ಹೊಗೆಯೆದ್ದರೂ ಯಾರೂ ತಿರುಗಿಸಲಿಲ್ಲ.

"ನಿನಗೆ ಗೊತ್ತಿತ್ತು," ಎಂದಳು ವಿಡಾ. ಮೂವತ್ತು ವರ್ಷದಲ್ಲಿ ಅವಳು ಅವನಿಗೆ ಏಕವಚನ ಹಚ್ಚಿದ್ದು ಅದೇ ಮೊದಲು. "ಆ ಕಹಳೆಯಿಂದ ಏನಾಗುತ್ತೆ ಅಂತ ನಿನ್ನ ತಲೆಯೊಳಗೇ ಇಟ್ಕೊಂಡಿದ್ದೆ. ಇಟ್ಕೊಂಡೇ ನನ್ನ ಕಿವಿಗೆ ಊದಿಸ್ದೆ."

"ಬಾಯಿ ಹಿಡಿತದಲ್ಲಿರಲಿ ವಿಡಾ. ಅದು ಕಾಯಿಲೆ ಅಂತ ಯಾರಿಗೆ ಗೊತ್ತು? ಸದ್ದಿಲ್ಲದಿರೋದು ಅಂದ್ರೆ ಹಾಗೇ ಕೇಳಿಸುತ್ತೆ, ಎಲ್ರಿಗೂ ಹಾಗೇ ಅಂತ ನಾನು ಅಂದ್ಕೊಂಡಿದ್ದೆ."

"ಎಲ್ರಿಗೂ ಹಾಗಲ್ಲ! ಸದ್ದಿಲ್ಲ ಅಂದ್ರೆ ಏನೂ ಇಲ್ಲ. ಏನೂ ಇಲ್ಲ ಅಂದ್ರೆ ಏನೂ ಇಲ್ಲ! ನನಗೆ ಅದಿತ್ತು. ನೀನು ಕಿತ್ಕೊಂಡೆ. ನಿನ್ನದು ಕಾಯಿಲೆ ಕಣಯ್ಯ, ವಯಸ್ಸಾಗ್ತಾ ಇನ್ನೂ ಜೋರಾಗುತ್ತೆ, ರಾತ್ರಿ ಮಲಗಿದಾಗ ಚೆನ್ನಾಗಿ ಕಿವಿಗೊಟ್ಟು ಕೇಳ್ಕೋ!"

ಜೋರಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ನೋಯಲಿ ಎಂದೇ ಹೇಳಿದ್ದಳು.

ಜಿವಾದಿನ್ ಕೋಟಿನ ಗುಂಡಿ ಹಾಕಿಕೊಂಡ. "ಕಹಳೆ ಬರುತ್ತೆ. ಇಲ್ಲಾಂದ್ರೆ ಕೂಮ ಬರಲ್ಲ. ಯಾವುದು ಬೇಕೋ ನೀವು ಗಂಡ ಹೆಂಡ್ತಿ ನೋಡ್ಕೊಳ್ಳಿ."

ಅವನು ಹೋದ ಮೇಲೆ ಒಬ್ರಾದ್ ಸಿಪ್ಪೆ ಅಂಟಿದ ಬೆರಳುಗಳನ್ನೇ ನೋಡುತ್ತ ಹೇಳಿದ: "ಕೂಮ ಇಲ್ಲದೆ ಪಾದ್ರಿ ಮದುವೆ ಮಾಡ್ಸಲ್ಲ ಕಣೇ. ಈಗ ಬೇರೆಯವನನ್ನ ಕರೆದ್ರೆ ಊರು ನಮ್ಮ ಮುಖಕ್ಕೆ ಉಗಿಯುತ್ತೆ."

"ಊದ್ಲಿ. ಹಿತ್ತಲಿನ ಆಚೆ, ಪ್ಲಮ್ ಗಿಡಗಳ ಹತ್ರ ಊದ್ಲಿ. ಹುಡುಗಿ ಕಿವಿ ಹತ್ರ ಬಂದ್ರೆ ಮಾತ್ರ, ನೋಡು, ನಾನು ಮನುಷ್ಯಳಾಗಿರಲ್ಲ."

ವೆಲ್ಕೋಗೆ ಹೇಳಿದಾಗ ಅವನು, "ಒಂದು ನಿಮಿಷದ ವಿಷಯ ಅಮ್ಮ, ಸಹಿಸ್ಕೊಂಡ್ರೆ ಆಯ್ತಲ್ಲ," ಎಂದ. ಮದುಮಗಳು ಯಾಗೊದಾ, ದರ್ಜಿ ಅಂಗಡಿಯಲ್ಲಿ ಕೆಲಸ ಮಾಡುವ ಮೆತ್ತನೆ ಹುಡುಗಿ, "ಕೂಮನಿಗೆ ಬೇಜಾರಾಗೋದು ಬೇಡ ಅತ್ತೆ, ನಾನು ಮುಖ ತಿರುಗಿಸಲ್ಲ," ಎಂದಳು. ವಿಡಾಗೆ ಹೋದ ವರ್ಷದ ಮದುವೆ ನೆನಪಾಯಿತು. ತಾನೂ ಹಾಗೆಯೇ ನಗುತ್ತ ನಿಂತಿದ್ದಳಲ್ಲ!

ಮದುವೆಯ ದಿನ ಕೂಮ ಬಂದ, ಕಹಳೆಗಳೂ ಬಂದವು. ಪ್ಲಮ್ ಗಿಡಗಳ ಹತ್ತಿರ ನಿಂತು ಊದಿದರು. ವಿಡಾ ಅಡುಗೆಮನೆಯಲ್ಲಿ ಮಾಂಸ ಹೆಚ್ಚುತ್ತ, ಒಂದು ಕಣ್ಣನ್ನು ಕಿಟಕಿಯ ಆಚೆಗೇ ಇಟ್ಟಿದ್ದಳು. ಚರ್ಚಿನಿಂದ ಬಂದು ಊಟಕ್ಕೆ ಕೂತು, ರಾಕಿಯಾ ಮದ್ಯ ಎರಡು ಸುತ್ತು ಆದ ಮೇಲೆ ಜಿವಾದಿನ್ ಎದ್ದು ನಿಂತ. ಕೂಮನಿಗೆ ಹೊದಿಸಿದ ಕಸೂತಿಯ ವಸ್ತ್ರ ಅವನ ಹೆಗಲಿಂದ ಸೊಂಟಕ್ಕೆ ಇಳಿದಿತ್ತು. ಕಣ್ಣು ಕೆಂಪಾಗಿದ್ದವು, ಮುಖ ಒಣಗಿತ್ತು. ಎಕ್ರೆಮ್‌ನನ್ನು ಕೈಸನ್ನೆ ಮಾಡಿ ಕರೆದ. ಅವನ ಹಣೆಗೆ ನೋಟು ಅಂಟಿಸಿ, ಮದುಮಗಳ ಕಡೆ ತೋರಿಸಿದ.

ಯಾಗೊದಾ ಎದ್ದು ನಿಂತು, ಕಿವಿಯೋಲೆ ಸರಿಮಾಡಿಕೊಂಡು ನಕ್ಕಳು.

ವಿಡಾ ಹೇಗೆ ಅಲ್ಲಿಗೆ ಬಂದಳೋ ನೋಡಿದವರಿಲ್ಲ. ಮಾಂಸದ ಜಿಡ್ಡಿನ ಕೈಯಲ್ಲೇ ಕಹಳೆಯ ಬಾಯಿ ಹಿಡಿದು ಕೆಳಕ್ಕೆ ಜಗ್ಗಿದಳು. ಹಿತ್ತಾಳೆ ಎಕ್ರೆಮ್‌ನ ತುಟಿಗೆ ಬಡಿದು ರಕ್ತ ಬಂತು. "ನಂದೇನಿದೆಯಮ್ಮ," ಎಂದ ಅವನು, ತುಟಿ ಒತ್ತಿಕೊಂಡು. "ಕೊಟ್ಟೋರು ತೋರಿಸಿದ ಕಡೆ ಊದೋನು ನಾನು."

"ನಿನ್ನದೇನಿಲ್ಲ. ಒಳಗೆ ಹೋಗು, ತುಟಿಗೆ ಮಂಜುಗಡ್ಡೆ ಕೊಡ್ತಾರೆ." ಅವಳು ನೋಟು ಕಿತ್ತು ಜಿವಾದಿನನ ತಟ್ಟೆಯ ಪಕ್ಕ ಇಟ್ಟಳು. "ಇದು ನಿನ್ನದು. ನನ್ನ ಸೊಸೆ ಕಿವಿ ಮಾರಾಟಕ್ಕಿಲ್ಲ."

ಯಾರ ಕೈಯಿಂದಲೋ ಚಮಚ ಬಿತ್ತು. ಜಿವಾದಿನ್ ಹೆಗಲ ವಸ್ತ್ರ ಎಳೆದು, ಕುರ್ಚಿಯ ಮೇಲೆ ಬಿಸಾಡಿ, ರಸ್ತೆಯಲ್ಲಿ ನಿಲ್ಲಿಸಿದ್ದ ತನ್ನ ಕಾರಿಗೆ ಹೋಗಿ ಕೂತ. ಬಾಗಿಲು ಹಾಕಿಕೊಂಡ. ಆದರೆ ಕಾರು ಹೊರಡಲಿಲ್ಲ.

"ಹೋಗಿ ಕರ್ಕೊಂಡ್ ಬಾ," ಎಂದ ಒಬ್ರಾದ್. "ನೀನೇ ಹೋಗ್ಬೇಕು."

ವಿಡಾ ಹೋದಳು. ಬೇಡಿಕೊಳ್ಳಲು ಅಲ್ಲ, ಉಳಿದ ಮಾತನ್ನೂ ಆಡಿ ಮುಗಿಸಲು. ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಗಾಜು ಮುಚ್ಚಿದ ಕಾರಿನೊಳಗೆ ಹೊರಗಿನದೇನೂ ಕೇಳುತ್ತಿರಲಿಲ್ಲ. ಅವಳ ಎಡಗಿವಿಯ ಸಿಳ್ಳೆ ಎದ್ದು ಕೂತಿತು.

ಜಿವಾದಿನ್ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿದ್ದ. "ಅವತ್ತು ನೀನು ಹೇಳಿದ ಮೇಲೆ ನಾನು ಮಲಗೇ ಇಲ್ಲ," ಎಂದ. "ಮೊದ್ಲು ಇತ್ತು, ಆದ್ರೆ ಇರ್ಲಿಲ್ಲ. ಈಗ ಬಿಡ್ತಾನೇ ಇಲ್ಲ. ಹೆಂಡ್ತಿ ಮಾತಾಡ್ತಿದ್ರೂ ಅದೇ ಕೇಳುತ್ತೆ. ನೀನು ಅಂದ್ಯಲ್ಲ, ವಯಸ್ಸಾಗ್ತಾ ಜೋರಾಗುತ್ತೆ ಅಂತ. ಎಷ್ಟು ಜೋರಾಗುತ್ತೆ?"

ಅವಳು ಅವನ ಕಡೆ ತಿರುಗಿದಳು. ದೊಡ್ಡ ಕಿವಿಗಳಿಂದ ಹತ್ತಿಯ ಎಳೆಗಳು ಇಣುಕುತ್ತಿದ್ದವು.

ಒಂದು ಇಡೀ ಚಳಿಗಾಲ ಅವಳು ಬಯಸಿದ್ದು ಇದನ್ನೇ. ಈಗ ಅವನೂ ಹಾಸಿಗೆಯಲ್ಲಿ ಹೊರಳುತ್ತಿದ್ದಾನೆ, ಅದೂ ಅವಳ ಮಾತಿನಿಂದಲೇ. ಖುಷಿಯಾಗಬೇಕಿತ್ತು. ಬದಲಿಗೆ ಮತ್ತಷ್ಟು ಸಿಟ್ಟು ಬಂತು. ನೆಮ್ಮದಿಯಾಗಿ ಸಿಟ್ಟು ಮಾಡಲೂ ಈ ಮನುಷ್ಯ ಬಿಡುವುದಿಲ್ಲವಲ್ಲ!

"ಜೋರಾಗಲ್ಲ," ಎಂದಳು. "ನಾನು ಸುಳ್ಳು ಹೇಳ್ದೆ."

"ಯಾಕೆ?"

"ನಿಂಗೆ ನೋಯ್ಲಿ ಅಂತ."

ಅವನು ತಲೆಯಾಡಿಸಿದ.

"ಮೊದ್ಲು ಆ ಹತ್ತಿ ತೆಗಿ. ಮುಚ್ಚಿದ ಕಾರಲ್ಲಿ ಕೂತ್ಕೊಂಡು ಅದನ್ನೇ ಕೇಳ್ತಾ ಇದೀಯಲ್ಲ, ಪೆದ್ದ. ಎದ್ದು ಬಾ."

"ಹೀಗೆಲ್ಲಾ ಆದ್ಮೇಲೆ ಅಷ್ಟು ಜನರ ಮುಂದೆ ಹೇಗೆ ಬರ್ಲಿ?"

"ಜನರ ಮುಂದೆ ಬೇಡ. ಹಿಂದಿನಿಂದ ಬಾ."

ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ದನಗಳ ಕಲ್ಲಿನ ತೊಟ್ಟಿಯಲ್ಲಿ ಬಿಯರ್ ಬಾಟಲಿಗಳನ್ನೂ ಕಲ್ಲಂಗಡಿಗಳನ್ನೂ ತಣಿಯಲು ಹಾಕಿ, ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದರು. ಒಂದು ಖಾಲಿ ಬುಟ್ಟಿ ಬೋರಲು ಹಾಕಿ, "ಕೂರು," ಎಂದಳು. "ಅದನ್ನ ಹುಡುಕಬೇಡ. ಓಡಿಸೋಕೂ ಹೋಗ್ಬೇಡ. ನೀರು ಬೀಳ್ತಿದೆ, ಅಷ್ಟೇ. ಇವತ್ತೇ ಹೋಗಲ್ಲ. ಚಳಿಗಾಲ ಕಳೀಬೇಕು."

"ನಿಂಗೆ ಹೋಯ್ತಾ?"

"ಇಲ್ಲ. ಸರಿದು ಕೂತಿದೆ." ಹೊರಡಲು ತಿರುಗಿದವಳು ನಿಂತಳು. "ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂತ ಮಾತ್ರ ತಿಳ್ಕೋಬೇಡ."

ಕೇಕು ಕತ್ತರಿಸುವ ಹೊತ್ತಿಗೆ ಕೂಮ ವಸ್ತ್ರ ಹೊದ್ದು ಬಂದು ತನ್ನ ಜಾಗದಲ್ಲಿ ಕೂತ. ಕಹಳೆಗಳು ಪ್ಲಮ್ ಗಿಡಗಳ ಆಚೆಯಿಂದ ಕೇಳಿದವು. ಆಮೇಲೆ ಆ ಮನೆಯಲ್ಲಿ ಯಾರ ಕಿವಿಗೂ ಊದಿಸಲಿಲ್ಲ. ಊರಿನವರು ಇವತ್ತಿಗೂ ವಿಡಾಳ ಬಗ್ಗೆ ಒಳ್ಳೆಯ ಮಾತಾಡುವುದಿಲ್ಲ. ಹಬ್ಬದ ದಿನ ಜಿವಾದಿನ್ ಬರುತ್ತಾನೆ, ಅವಳು ಬಡಿಸುತ್ತಾಳೆ. ಮೊದಲಿನ ನಗು, ಸಲಿಗೆ ಎರಡೂ ಹೋದವು. ಮನೆಗೆ ಕೂಮ ಉಳಿದ. ಯಾಗೊದಾಳ ಎರಡು ಕಿವಿಯೂ ಉಳಿದವು.