ಮುದಲಾಳಿ

ಬೋಟಿನ ಜಿಪಿಎಸ್ ಯಂತ್ರಕ್ಕೆ ಉಪ್ಪುನೀರು ತಾಗಿದ್ದು ಬೋಟಿನವನ ತಪ್ಪಂತೆ! ಅಂಗಡಿಯವನ ಈ ಮಾತು ನೆನಪಾದಾಗಲೆಲ್ಲ ಸರ್ವಮಂಗಳೆಗೆ ಮೈಯೆಲ್ಲ ಉರಿಯುತ್ತಿತ್ತು. ಸಮುದ್ರದಲ್ಲಿ ಇನ್ನೇನು ಪನ್ನೀರು ತಾಗುತ್ತದೆಯೇ?

ಅವಳ ಗಂಡ ರವಿಶಂಕರ ಅಂಬತ್ತೂರಿನ ಕಾರ್ಖಾನೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವನು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ರಾಯಪುರಂ ಬಂದರಿನಲ್ಲಿ ಬೋಟುಗಳ ಎಂಜಿನ್ ರಿಪೇರಿಗೆ ನಿಂತ, ಕೊನೆಗೆ ಹಳೆಯದೊಂದು ಮೀನಿನ ಬೋಟನ್ನೇ ಕೊಂಡ. ಅದಕ್ಕೆ ದಾರಿ ತೋರಿಸಲು ಹೊಸ ಜಿಪಿಎಸ್ ಯಂತ್ರ ತಂದ. ಮೊದಲ ತಿಂಗಳಲ್ಲೇ ಅದರ ಪರದೆ ಕಪ್ಪಾಯಿತು. ರಿಪೇರಿಯಾಗಿ ಬಂತು, ಮತ್ತೆ ಕಪ್ಪಾಯಿತು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಕೈಕೊಟ್ಟಿತು. ಆ ಸಲ ಮೋಡ ಕವಿದು, ದಡ ಯಾವ ದಿಕ್ಕಿಗಿದೆಯೆಂದು ತಿಳಿಯದೆ ಬೋಟು ಹಗಲೆಲ್ಲ ಅಲೆಯಿತು. ಸರ್ವಮಂಗಳೆ ಅಂದು ತೊಟ್ಟು ನೀರೂ ಕುಡಿಯಲಿಲ್ಲ. ಅವಳಿಗೆ ಬೇಕಾದದ್ದು ಗಂಡನನ್ನು ದಡಕ್ಕೆ ಕರೆತರುವ, ಕೆಡದ ಒಂದು ಯಂತ್ರ, ಅಷ್ಟೆ. ಇನ್ನೊಂದು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅಂಗಡಿಯವನು ಗ್ಯಾರಂಟಿ ಕಾರ್ಡನ್ನು ಕಣ್ಣೆತ್ತಿಯೂ ನೋಡದಿದ್ದಾಗ ಇಬ್ಬರೂ ಗ್ರಾಹಕರ ಕೋರ್ಟಿಗೆ ಹೋದರು.

ಬೋಟು ನಡೆಸುವವನು ರವಿಶಂಕರನೇ, ಬಲೆ ಎಳೆಯುವವನೂ ಅವನೇ. ದಡದ ಇಬ್ಬರು ಜೊತೆಯಾಗುತ್ತಿದ್ದರು, ಕೂಲಿಗಲ್ಲ, ಹಿಡಿದ ಮೀನಿನ ಪಾಲಿಗೆ. ಕೊರಳಿನ ಲಿಂಗದ ಕರಡಿಗೆಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಹೋಗುತ್ತಿದ್ದ. ಹತ್ತಿಪ್ಪತ್ತು ಪೈಸೆಯ ಆ ಕವರಿನೊಳಗೆ ಒಂದು ಹನಿ ಇಳಿಯಲಿಲ್ಲ. ವಾಟರ್‌ಪ್ರೂಫ್ ಎಂದು ಕೊಟ್ಟ ಯಂತ್ರದೊಳಗೆ ಪ್ರತಿ ಸಲವೂ ನೀರು.

ಅವನೇ ಸಮುದ್ರಕ್ಕೆ ಹೋಗುವ ವಿಷಯ ಪೆರಂಬೂರಿನ ತವರಿಗೆ ಗೊತ್ತಿರಲಿಲ್ಲ. ಅಲ್ಲಿ ಅವಳ ತಂದೆ ಪರಮೇಶ್ವರಪ್ಪ ಕೊಬ್ಬರಿ ಮಂಡಿ ನಡೆಸುತ್ತಿದ್ದರು. ಆ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ‘ಇವರು ಬರೀ ಓನರು ಅಪ್ಪಾಜಿ, ಸಮುದ್ರಕ್ಕೆ ಹೋಗೋದೆಲ್ಲ ಆಳುಗಳು’ ಎಂದು ನಂಬಿಸಿದವಳು ಸರ್ವಮಂಗಳೆಯೇ. ಮೀನಿನ ವಾಸನೆ ಹೋಗಲೆಂದು ಗಂಡನ ಅಂಗಿಗಳಿಗೆ ನಿಂಬೆಹಣ್ಣು ಉಜ್ಜಿ ಉಜ್ಜಿ ಅವಳ ಬೆರಳ ಸಂದಿ ಬಿರಿದಿತ್ತು. ಅಪ್ಪ ‘ಬೋಟ್ ಓನರ್ ಅಳಿಯ’ನ ಸುದ್ದಿಯನ್ನು ತಿಪಟೂರಿನ ನೆಂಟರಿಗೆಲ್ಲ ಮುಟ್ಟಿಸಿದ್ದರು.

ಅವರ ವಕೀಲೆ ಪಾವನಾ ರವಿಶಂಕರನಿಗೆ ಮೊದಲೇ ಬಿಡಿಸಿ ಹೇಳಿದ್ದಳು: “ಸಾರ್, ಒಂದೇ ಪಾಯಿಂಟ್. ನಾನೇ ಸಮುದ್ರಕ್ಕೆ ಹೋಗ್ತೀನಿ, ಇದೇ ನನ್ನ ಹೊಟ್ಟೆಪಾಡು ಅನ್ನಿ. ಆಗ ನೀವು ಗ್ರಾಹಕರು. ಆಳಿಟ್ಟು ಬಿಸಿನೆಸ್ ಮಾಡ್ತೀನಿ ಅಂದ್ರೋ ವ್ಯಾಪಾರಿ ಆಗ್ಬಿಡ್ತೀರಿ. ಆಮೇಲೆ ಯಂತ್ರ ಕೆಟ್ಟಿದೆಯೋ ಇಲ್ಲವೋ ಅಂತ ಯಾರೂ ಕೇಳೋದೇ ಇಲ್ಲ.”

ವಿಚಾರಣೆಯ ದಿನ ರವಿಶಂಕರ ಎದ್ದು ನಿಲ್ಲುವ ಹೊತ್ತಿಗೆ ಬಾಗಿಲಲ್ಲಿ ಪರಮೇಶ್ವರಪ್ಪ ಕಾಣಿಸಿಕೊಂಡರು. ಗರಿಗರಿ ಪಂಚೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕೊಡೆ. ಯಾರೂ ಕರೆದಿರಲಿಲ್ಲ, ಕೋರ್ಟಿನ ಸುದ್ದಿ ಹೇಗೋ ಮಂಡಿಯವರೆಗೂ ಹೋಗಿರಬೇಕು. ಮಗಳ ಪಕ್ಕ ಬಂದು ಕೂತರು. ಸರ್ವಮಂಗಳೆ ಬಿರಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಅಂಗಡಿಯ ವಕೀಲ ತಮಿಳಿನಲ್ಲಿ ಮೆತ್ತಗೆ ಕೇಳಿದ: “ನೋಡೋಕೆ ದೊಡ್ಡ ಮನೆಯವರ ಹಾಗಿದ್ದೀರಿ. ನೀವೇ ಬಲೆ ಎಳೀತೀರಾ? ಮೀನು ಮುಟ್ತೀರಾ?”

ರವಿಶಂಕರನ ಕಣ್ಣು ಮಾವನ ಹಣೆಯ ಮೇಲೆ ನಿಂತಿತು. ಹೇಳಿ, ಹೇಳಿಬಿಡಿ ಎಂದು ಸರ್ವಮಂಗಳೆ ಒಳಗೇ ಕೂಗಿಕೊಂಡಳು.

“ಛೆ, ನಾನು ಮುಟ್ಟೋದಿಲ್ಲ. ಅದಕ್ಕೆಲ್ಲ ಆಳುಗಳಿದ್ದಾರೆ. ನಾನ್ ಮುದಲಾಳಿ ಸಾರ್” ಎಂದ ರವಿಶಂಕರ.

ಮುದಲಾಳಿ. ಯಜಮಾನ. ಅಂಗಡಿಯ ವಕೀಲ ನಗುತ್ತ ಫೈಲು ಮುಚ್ಚಿದ. ಪಾವನಾ ಏನೇನೋ ಹೇಳಲು ನೋಡಿದಳು, ಯಾರೂ ಕಿವಿಗೊಡಲಿಲ್ಲ. ಅರ್ಜಿಯಲ್ಲಿದ್ದ ಸತ್ಯ ಸುಳ್ಳಾಯಿತು, ಅವನ ಬಾಯಿಂದ ಬಂದ ಸುಳ್ಳು ಸಾಕ್ಷ್ಯವಾಯಿತು.

ಹೊರಗೆ ಬಂದ ಮೇಲೆ ಸರ್ವಮಂಗಳೆಗೆ ತಡೆಯಲಾಗಲಿಲ್ಲ. “ಅಪ್ಪಾಜಿ, ಇವರೇ ಹೋಗ್ತಾರೆ. ಆಳೂ ಇಲ್ಲ, ಗೀಳೂ ಇಲ್ಲ. ಆ ಹಾಳು ಯಂತ್ರ ನಂಬ್ಕೊಂಡು ಇವರೇ ಹೋಗೋದು.” ಅವಳಿಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚು ಸಿಟ್ಟು ಬಂತು, ತನ್ನನ್ನೂ ಸೇರಿಸಿ ಮೂವರ ಮೇಲೂ.

ಪರಮೇಶ್ವರಪ್ಪ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. “ಗೊತ್ತು ಕಣಮ್ಮ. ನಿಂಬೆಹಣ್ಣಿನ ವಾಸನೆ ಹೊಡೆಯೋ ಅಂಗಿ ಹಾಕೊಂಡು ಹಬ್ಬಕ್ಕೆ ಬರ್ತಾರಲ್ಲ, ನಂಗೇನು ಮೂಗಿಲ್ವಾ?”

“ಗೊತ್ತಿದ್ದೂ ಯಾಕೆ ಬಂದ್ರಿ?”

“ಅಳಿಯಂದಿರು ನನ್ನ ಎದುರಿಗೇ ಹೇಳ್ಬಿಡ್ಲಿ, ನಾನು ಪಕ್ಕದಲ್ಲೇ ಕೂತು ಕೇಳ್ತೀನಿ, ಈ ಮುಚ್ಚುಮರೆ ಇವತ್ತಿಗೆ ಮುಗೀಲಿ ಅಂತ ಬಂದೆ.”

ರವಿಶಂಕರ ಮಾವನ ಮುಖ ನೋಡಲಿಲ್ಲ. ಬಸ್ಸು ಬಂತು, ಹತ್ತಿದರು.

ಮುಂದಿನ ತಿಂಗಳು ತೀರ್ಪಿನ ಪ್ರತಿ ಅಂಚೆಯಲ್ಲಿ ಬಂತು. ಸರ್ವಮಂಗಳೆಯೇ ಒಡೆದು ಓದಿದಳು. ಅರ್ಜಿದಾರ ಆಳುಗಳನ್ನಿಟ್ಟು ವ್ಯಾಪಾರ ನಡೆಸುವವನು, ಗ್ರಾಹಕನಲ್ಲ ಎಂದಿತ್ತು. ಅರ್ಜಿದಾರ ಆಗ ಸಮುದ್ರದಲ್ಲಿದ್ದ, ಕಪ್ಪು ಪರದೆಯ ಮುಂದೆ.