ಎತ್ತುವ ಬಗೆ

"ಕಂಕುಳಿಗೆ ಕೈ ಹಾಕ್ಬೇಡ. ಅಲ್ಲೇ ನಿಲ್ಸು," ಎಂದಳು ಅಕ್ಕ.

ಗೆಳೆಯರೆಲ್ಲ ಸ್ಪ್ಯಾನರ್ ಎಂದೇ ಕರೆಯುತ್ತಿದ್ದ ಹುಡುಗ ಬಗ್ಗಿದವನು ಬಗ್ಗಿದಂತೆಯೇ ನಿಂತ. ರೋಬೋಟ್ ಪ್ರಯೋಗಾಲಯದ ಮಂಚದ ಮೇಲೆ ಕಂಪ್ಯೂಟರ್ ವಿಭಾಗದ ಹುಡುಗಿ ರೋಗಿಯಂತೆ ಮೈ ಸಡಿಲ ಬಿಟ್ಟು, ನಗು ತಡೆಯಲು ತುಟಿ ಕಚ್ಚಿಕೊಂಡು ಮಲಗಿದ್ದಳು. ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೂರಿಸುವ ಯಂತ್ರವೊಂದನ್ನು ಮೂವರೂ ಸೇರಿ ಮಾಡಬೇಕಿತ್ತು. ಮೇಷ್ಟ್ರು ಹಾಕಿದ್ದ ಷರತ್ತು ಒಂದೇ: ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಕಲಿಸಬೇಕು. ಹೋದ ವಾರ ಮೆಕ್ಯಾನಿಕಲ್ ಓದುವ ಸ್ಪ್ಯಾನರ್ ಮೋಟಾರು, ಗೇರು ಬಿಚ್ಚಿ ಜೋಡಿಸಿ ತೋರಿಸಿದ್ದ. ಇಂದು ಅಕ್ಕನ ಸರದಿ. ಆರು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದು ಮತ್ತೆ ಓದಲು ಬಂದವಳು. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಎಲ್ಲರಿಗೂ ಅಕ್ಕ.

"ಹೆಣಭಾರ ಇದ್ದಾಳಕ್ಕಾ ಇವ್ಳು. ಹಿಡಿತ ಸಿಗೋದೇ ಅಲ್ಲಿ. ಎರಡು ವರ್ಷ ಹೀಗೇ ಎತ್ತಿದೀನಿ, ನಂಗೇ ಹೇಳ್ಕೊಡ್ತೀಯಾ?"

"ಯಾರನ್ನ ಎತ್ತಿದ್ದು?"

"ಅಪ್ಪನ್ನ. ಲಕ್ವ ಹೊಡೆದಿತ್ತು, ಬಲಗಡೆ ಪೂರ್ತಿ. ಹೋದ ವರ್ಷ ಹೋಗ್ಬಿಟ್ರು."

ಅಕ್ಕ ಹುಡುಗಿಯ ತೋಳನ್ನು ಮೆಲ್ಲಗೆ ಎತ್ತಿ ಹಿಡಿದಳು. "ಲಕ್ವ ಹೊಡೆದ ಕೈ ಭುಜದಲ್ಲಿ ಸಡಿಲ ಆಗಿರತ್ತೆ. ಕಂಕುಳಿಂದ ಎಳೆದ್ರೆ ಕೀಲು ಜಾರತ್ತೆ."

"ಸ್ವಾಧೀನವೇ ಇಲ್ವಲ್ಲ, ಜಾರಿದ್ರೆ ಗೊತ್ತಾಗತ್ತಾ?"

"ಕೈ ಅಲ್ಲಾಡಲ್ಲ ಅಷ್ಟೇ ಕಣೋ. ನೋವು ಗೊತ್ತಾಗತ್ತೆ."

"ಎಷ್ಟು?"

ಅಕ್ಕನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ತುಂಬಾ," ಎಂದಳು.

ಸ್ಪ್ಯಾನರ್ ಸ್ಟೂಲನ್ನು ಎಳೆದುಕೊಂಡು ಕುಳಿತ.

"ಅಪ್ಪಂಗೆ ಮಾತು ಹೋಗಿತ್ತು. ನಾನು ಹತ್ರ ಹೋದ್ರೆ ಸಾಕು, ಕಿರುಚೋರು. ಎಡಗೈಲಿ ನನ್ನ ದೂಡೋರು. ಹಟ ಅನ್ಕೊಂಡೆ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಒಂದಿನ ಕಾಲೇಜಿಗೆ ಹೊತ್ತಾಗಿತ್ತು. ಆ ಎಡಗೈ ಮೇಲೆ ಹೊಡೆದ್ಬಿಟ್ಟೆ. ಆಮೇಲೆ ಅವ್ರು ದೂಡ್ಲೇ ಇಲ್ಲ."

ಕಂಪ್ಯೂಟರ್ ಹುಡುಗಿ ಎದ್ದು ಕುಳಿತಿದ್ದಳು. ಪಕ್ಕದ ಮೇಜಿನವರ ಪುಟ್ಟ ರೋಬೋಟೊಂದು ಗೋಡೆಗೆ ತಾಗಿ ಹಿಂದೆ ಸರಿದು, ಮತ್ತೆ ಗೋಡೆಗೇ ಹೋಗುತ್ತಿತ್ತು.

"ನಿಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ವಲ್ಲೋ," ಎಂದಳು ಅಕ್ಕ.

"ನಾನೂ ಯಾರನ್ನೂ ಕೇಳ್ಲಿಲ್ವಲ್ಲಕ್ಕಾ."

ಹುಡುಗಿ ಮಂಚದಿಂದ ಇಳಿದಳು. ಅವನೇ ಚಪ್ಪಲಿ ಕಳಚಿ ಮಂಚದ ಮೇಲೆ ಮಲಗಿದ. "ನನ್ನ ಎತ್ತಿ ತೋರ್ಸು."

ಅಕ್ಕ ಅವನ ಮೊಣಕಾಲು ಮಡಿಸಿ, ಮೈಯನ್ನು ಮಗ್ಗುಲಿಗೆ ಹೊರಳಿಸಿದಳು. ಒಂದು ಅಂಗೈ ಹೆಗಲ ಹಿಂದೆ, ಇನ್ನೊಂದು ಮಂಡಿಯ ಹಿಂದೆ. ಕಾಲುಗಳನ್ನು ಮಂಚದಿಂದ ಕೆಳಗಿಳಿಸಿದಳು. ಅವುಗಳ ಭಾರಕ್ಕೆ ಮೈ ತಾನಾಗಿ ಮೇಲೆ ಬಂತು. ಎಲ್ಲಿಯೂ ಎಳೆತವಿಲ್ಲ. ಅಕ್ಕನ ಉಸಿರು ಕೂಡ ಏರಲಿಲ್ಲ.

"ಇಷ್ಟೇನಾ?"

"ಇಷ್ಟೇ."

ಕಾಲು ಇಳಿಬಿಟ್ಟು ಕುಳಿತವನು ಏಳಲಿಲ್ಲ. ಬೆನ್ನ ಮೇಲಿದ್ದ ಅಂಗೈಯನ್ನು ಅಕ್ಕ ತೆಗೆಯಲಿಲ್ಲ. ಕಂಪ್ಯೂಟರ್ ಹುಡುಗಿ ಅಳತೆ ಬರೆದುಕೊಳ್ಳಲು ತೆರೆದಿದ್ದ ನೋಟ್‌ಬುಕ್ಕನ್ನು ಸದ್ದಾಗದಂತೆ ಮುಚ್ಚಿ, ಕಿಟಕಿಯ ಬಳಿ ಹೋಗಿ ನಿಂತಳು.