ಸೆರಗಿನ ಚುಂಗಿನ ಗುರುತು

ಆ ಕತ್ತೆಯ ಎಡಗಿವಿ ಮಾತ್ರ ಅಲ್ಲಾಡುತ್ತಿದೆ, ಬಲಗಿವಿ ಜೋತುಬಿದ್ದಿದೆ, ಯಾವುದರಲ್ಲಿ ಕೇಳಿಸುತ್ತದೋ ಏನೋ, ಬೆನ್ನ ಮೇಲೆ ಆಸ್ಪತ್ರೆಯ ದುಪ್ಪಟಿಗಳ ಗಂಟು, ಪಾಪ, ಅದಕ್ಕೂ ಕಾಯುವ ಕೆಲಸವೇ — ವಿರೂಪಮ್ಮ ಬೆಂಚಿನ ಈ ತುದಿಗೆ ಕೂತಿದ್ದಾಳೆ, ಆ ತುದಿಗೆ ಅತ್ತೆ ಕೊಟ್ರಮ್ಮ, ಅತ್ತೆಯ ಮಡಿಲಲ್ಲಿ ಐದು ತಿಂಗಳ ಕೂಸು, ನಡುವೆ ಮೂರು ಮಂದಿ ಕೂರುವಷ್ಟು ಜಾಗ ಖಾಲಿ, ಬಂದವರೆಲ್ಲ ಇವಳ ಮುಖ ನೋಡಿ ನಿಂತುಕೊಂಡೇ ಇದ್ದಾರೆ, ನಿಲ್ಲಲಿ ಬಿಡು, ಕಾಲು ನೋಯುವುದು ಅವರಿಗೆ ತಾನೆ. ಕೂಸು ಒಂದು ಸಲ ಕೊಸರಿದರೆ ಸಾಕು, ಎದೆ ಜುಮ್ಮೆಂದು ಕುಪ್ಪಸ ಒದ್ದೆಯಾಗುತ್ತದೆ, ಮೂರು ದಿನವಾಯಿತು ಮೊಲೆಗೆ ಹಚ್ಚಲು ಬಿಡದೆ, ಆಡಿನ ಹಾಲಲ್ಲಿ ಅರಳೆಯ ಬತ್ತಿ ಅದ್ದಿ ಅವನ ಬಾಯಿಗೆ ಹಿಂಡುತ್ತಾರೆ, ಇವಳು ಹಿತ್ತಲ ಗೋಡೆಗೆ ಮುಖ ಮಾಡಿ ತನ್ನ ಹಾಲನ್ನು ಮಣ್ಣಿಗೆ ಹಿಂಡುತ್ತಾಳೆ, ಇರುವೆಗಳ ಪುಣ್ಯ. ಇವತ್ತು ಡಾಕ್ಟರಮ್ಮ ನೋಡಿ ದೊಡ್ಡ ರೋಗ ಅಂದುಬಿಟ್ಟರೆ ಸಂಜೆಯ ಬಸ್ಸಿಗೆ ಇವಳು ಸಿರುಗುಪ್ಪಕ್ಕೆ, ಅಲ್ಲಿಂದ ಅಪ್ಪನ ಊರು ಕರೂರಿಗೆ, ಕೂಸು ಮಾತ್ರ ಇಲ್ಲೇ, ಬಳ್ಳಾರಿಯ ಕೌಲ್ ಬಜಾರಿನ ಮನೆಯಲ್ಲೇ. ಹಾಗಂತ ಹೇಳಿದ್ದು ಗಂಡ ಅಲ್ಲ, ಮೈಲಾರಪ್ಪನಿಗೆ ಬಾಯಿ ಎಲ್ಲಿದೆ, ಕಂಟೋನ್ಮೆಂಟಿನ ಉಗ್ರಾಣದಲ್ಲಿ ಮೂಟೆ ಹೊತ್ತು ಬಂದರೆ ಗೋಡೆಗೊರಗಿ ಕೂತುಬಿಡುವ ಜೀವ, ಹೇಳಿದ್ದು ಅತ್ತೆಯ ಅಕ್ಕ, ಕುರುಗೋಡಿನ ಪಾರಮ್ಮ, ತುಟಿ ಮ್ಯಾಲ ಮೂರನೇ ಸಲ ಬೊಬ್ಬಿ ಎದ್ದೈತಿ ಅಂದ್ರ ಅದು ಹಲ್ಲಿ ಉಚ್ಚಿ ಅಲ್ಲ ಕೊಟ್ರಿ, ಕೂಸನ್ನ ಅಕಿ ಕೈಯಾಗ ಕೊಡಬ್ಯಾಡ. ಅತ್ತೆ ಕೂಸನ್ನು ಎತ್ತಿಕೊಂಡಳು ಅಷ್ಟೆ.

ಹಲ್ಲಿ ಉಚ್ಚೆ, ಮೊದಲ ಸಲ ಎಲ್ಲರೂ ಅದನ್ನೇ ಅಂದಿದ್ದರು, ಮಲಗಿದಾಗ ಮ್ಯಾಲಿಂದ ಹೊಯ್ದೈತಿ ತಗೋ, ಅಂತ ಬೇವಿನೆಲೆ ಅರೆದು ಹಚ್ಚಿದರು, ತುಟಿಯ ಬಲಮೂಲೆಯಲ್ಲಿ ಮೊದಲು ತುರಿಕೆ, ಆಮೇಲೆ ಉರಿ, ಆಮೇಲೆ ನೀರು ತುಂಬಿದ ಸಣ್ಣ ಬೊಬ್ಬೆಗಳು, ಒಡೆದರೆ ಕಪ್ಪು ಕಲೆ. ಹೋಯಿತು ಅನ್ನುವಷ್ಟರಲ್ಲಿ ಮತ್ತೆ. ಕೈಗನ್ನಡಿಯಲ್ಲಿ ನೋಡಿಕೊಂಡರೆ ಎಂಜಲು ಒರೆಸಿಕೊಳ್ಳಲು ಬಾರದ ಮಗುವಿನ ಬಾಯಿ. ಚೀಟಿ ಬರೆಯುವ ಕಂಪೌಂಡರ್ ಬೆಳಿಗ್ಗೆ ಹೆಸರು ಕೇಳಿ ನಕ್ಕ, ವಿರೂಪಮ್ಮನಾ, ಹೆಸರಿಗೆ ತಕ್ಕಂಗ ಆಗೈತಿ ಬಿಡು, ಅಯ್ಯೋ ಮುಠ್ಠಾಳ, ಅದು ಹಂಪಿ ವಿರೂಪಾಕ್ಷನ ಹೆಸರು, ಅವ್ವ ಹರಕೆ ಹೊತ್ತು ಇಟ್ಟದ್ದು — ಅವ್ವ. ಬೇಡ, ಅವ್ವನ ಕಡೆ ಹೋಗಬೇಡ, ಇಲ್ಲಿ ಜನ ಇದ್ದಾರೆ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಿತ್ತು, ಈ ಸಲ ಇಲ್ಲೇ ಆಗ್ಲವ್ವ, ಬಸ್ಸು ನಂಬಾಕ ಬರಂಗಿಲ್ಲ, ಯುದ್ಧದ ಕಾಲ, ಅಂದಳು ಅತ್ತೆ, ಇವಳು ನಂಬಿದಳು, ಅವ್ವ ಒಂದು ಸಲವೂ ಕೂಸು ನೋಡಲು ಬರಲಿಲ್ಲವಲ್ಲ ಅಂತ ಮುನಿಸಿಕೊಂಡೂ ಇದ್ದಳು, ಎಂಥ ಹುಚ್ಚಿ, ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಕರೂರಿನ ಎರ್ರೆಪ್ಪ ಯಾವುದೋ ಕೆಲಸಕ್ಕೆ ಬಳ್ಳಾರಿಗೆ ಬಂದವನು ಬಾಗಿಲಲ್ಲಿ ನಿಂತು ನೀರು ಕುಡಿದು, ಹೆಂಗ ಹೋದ್ಲು ನೋಡಮ್ಮ ನಿಮ್ಮವ್ವ, ನಾಕು ತಿಂಗ್ಳಾತು, ಕೈಯಾಗಿನ ಚಂಬು ಕೆಳಗಿಟ್ಟಂಗ ಹೋದ್ಲು, ಅಂದುಬಿಟ್ಟ. ಬಸುರಿಗೆ ಹೇಳಬಾರದು, ಬಾಣಂತಿಗೆ ಹೇಳಬಾರದು ಅಂತ ಎಲ್ಲರೂ ಬಾಯಿ ಹೊಲಿದುಕೊಂಡಿದ್ದರಂತೆ, ಕೆಟ್ಟದ್ದಕ್ಕಲ್ಲ, ಒಳ್ಳೆಯದಕ್ಕೇ, ಅತ್ತೆ ಅವತ್ತು ಇವಳ ತಲೆಯನ್ನು ತನ್ನ ಎದೆಗೆ ಅವುಚಿಕೊಂಡು ಒಂದೇ ಮಾತು ಹೇಳಿದ್ದಳು, ಅಳಬ್ಯಾಡವ್ವಾ, ಬಾಣಂತಿ ಅತ್ತರ ಹಾಲು ಕೆಡ್ತೈತಿ, ಕೂಸಿಗೆ ತಾಗ್ತೈತಿ. ಅಳಲಿಲ್ಲ. ಯಾರೆದುರಿಗೂ ಅಳಲಿಲ್ಲ. ಬಚ್ಚಲಲ್ಲಿ, ಹಿತ್ತಲಲ್ಲಿ, ಒಲೆಯ ಹೊಗೆಯಲ್ಲಿ, ಸೆರಗಿನ ಚುಂಗನ್ನು ಮುದ್ದೆ ಮಾಡಿ ಬಾಯಿಯ ಮೂಲೆಗೆ ತುರುಕಿ ಹಲ್ಲಲ್ಲಿ ಕಚ್ಚಿ ಹಿಡಿದರೆ ದನಿ ಹೊರಗೆ ಬರುವುದಿಲ್ಲ, ಬಟ್ಟೆಯೆಲ್ಲ ಎಂಜಲು, ಮೂಗಿನಲ್ಲಿ ಅಗಸ ಒಗೆಯುವ ಸವಳು ಮಣ್ಣಿನ ವಾಸನೆ.

ಅಗಸರ ಸುಂಕಪ್ಪ ಗಂಟು ಇಳಿಸಿ ಒಂದೊಂದೇ ದುಪ್ಪಟಿ ಎತ್ತಿ ನರ್ಸಮ್ಮನಿಗೆ ಮೂಲೆ ತೋರಿಸುತ್ತಿದ್ದಾನೆ, ಗುರ್ತು ನೋಡ್ಕಳ್ರಿ ಅಮ್ಮಾ, ಸಿಪಾಯಿಗಳ ಬಟ್ಟಿ ಜೊತಿ ಬೆರೀಬಾರ್ದು ನೋಡ್ರಿ, ಅಂತ, ಇವನೇ ತಾನೆ ನಮ್ಮ ಮನೆಗೂ ಬರುವವನು, ಉಳಿದವರ ಬಟ್ಟೆ ಅತ್ತೆಯೇ ಒಗೆಯುತ್ತಾಳೆ, ಬಾಣಂತಿಯ ಮೈಲಿಗೆ ಬಟ್ಟೆ ಮಾತ್ರ ಅಗಸನಿಗೆ, ಇವಳ ಮೂರು ಸೀರೆ. ಕರೂರಿನ ಅಗಸನಿಗೆ ಗುರುತು ಬೇಕಿರಲಿಲ್ಲ, ಮುಟ್ಟಿ ನೋಡಿ ಇದು ಗೌಡರ ಸೊಸೆದು, ಇದು ನಿಮ್ಮದು ಅನ್ನುತ್ತಿದ್ದ. ಅಯ್ಯ, ಬೆರಳಿಗೆ ಏನಾತಪ್ಪಾ, ಅಂತಿದ್ದಾಳೆ ನರ್ಸಮ್ಮ. ಸುಂಕಪ್ಪ ಬೆರಳು ಅಗಲಿಸಿ ನಗುತ್ತಾನೆ, ಉಗುರಿನ ಸುತ್ತ ಕಪ್ಪು, ಸಿಪ್ಪೆ ಸುಲಿದ ಚರ್ಮ, ಜೀಡಿ ಅಮ್ಮಾ, ಕರಿಗೇರಿನ ಬೀಜ, ಸೂಜಿಲೆ ಚುಚ್ಚಿ ಅದರ ಎಣ್ಣಿಲೆ ಗುರ್ತು ಬರೀತೀವಿ, ಏನ್ ಒಗದ್ರೂ ಹೋಗಂಗಿಲ್ಲ, ಆದ್ರ ಮೈಗೆ ತಾಗಿದ್ರ ಉರೀತೈತಿ, ಬೊಬ್ಬಿ ಏಳ್ತೈತಿ, ಕಪ್ಪಾಗಿ ಉಳೀತೈತಿ, ನಮಗ ರೂಢಿ ಆಗೈತ್ರಿ. ತುರಿಕೆ, ಉರಿ, ಬೊಬ್ಬೆ, ಕಪ್ಪು. ವಿರೂಪಮ್ಮನ ಕೈ ತಾನಾಗಿಯೇ ಸೆರಗಿನ ಚುಂಗಿಗೆ ಹೋಯಿತು, ಒಂದು ಗೀಟು, ಎರಡು ಚುಕ್ಕೆ, ಕಾಡಿಗೆಯಂತೆ ಕಪ್ಪಗೆ, ಸುತ್ತ ಹಲ್ಲಿನ ಸುಕ್ಕು. ದೇವರೇ. ಕುರುಗೋಡಿಗೆ ಪಾರಮ್ಮ ಕರೆದುಕೊಂಡು ಹೋಗಿ ಹದಿನೈದು ದಿನ ಇಟ್ಟುಕೊಂಡಾಗ ಎಲ್ಲ ಒಣಗಿತ್ತಲ್ಲ, ನಮ್ಮೂರ ಬಸಪ್ಪನ ವಿಭೂತಿ ಮಹಿಮಿ ನೋಡು ಅಂತ ಊರೆಲ್ಲ ಹೇಳಿಕೊಂಡು ತಿರುಗಿದಳಲ್ಲ, ಅಲ್ಲಿ ಇವಳು ಉಟ್ಟಿದ್ದು ಪಾರಮ್ಮನ ಸೀರೆ, ಕಚ್ಚಿದ್ದೂ ಪಾರಮ್ಮನ ಸೆರಗೇ, ಅದಕ್ಕೆ ಗುರುತೇ ಇರಲಿಲ್ಲ! ರೋಗ ಅಲ್ಲ, ರೋಗ ಅಲ್ಲ, ಕೂಗಬೇಕು ಅನ್ನಿಸಿತು, ಎದ್ದು ಆ ಕತ್ತೆಯ ಕೊರಳು ತಬ್ಬಬೇಕು ಅನ್ನಿಸಿತು. ಆದರೆ ಡಾಕ್ಟರಮ್ಮ ಕೇಳುತ್ತಾಳೆ, ಸೆರಗು ಯಾಕಮ್ಮ ಕಚ್ಚತೀ, ಪಕ್ಕದಲ್ಲಿ ಅತ್ತೆ ನಿಂತಿರುತ್ತಾಳೆ, ಅತ್ತೆ ಅಂದರೆ ಕಲ್ಲು, ಎರಡು ಹೆಣ್ಣು ಕೂಸು ಮಣ್ಣಿಗೆ ಕೊಟ್ಟಾಗಲೂ ನಮ್ಮವ್ವ ಅತ್ತಿದ್ದನ್ನ ಯಾರೂ ನೋಡಿಲ್ಲಂತ, ಅಂತ ಮೈಲಾರಪ್ಪನೇ ಹೇಳಿದ್ದ, ಆ ಅತ್ತೆಯ ಎದುರಿಗೆ, ಎರಡು ತಿಂಗಳಿಂದ ದಿನಾ ಅತ್ತೀನಿ, ಅತ್ತು ಅದೇ ಹಾಲು ಕುಡಿಸೀನಿ, ಅನ್ನುವುದೇ, ಅಂದರೆ ಕೂಸು ಆಗಲೂ ಇವಳಿಗೆ ಸಿಗುವುದಿಲ್ಲ, ಅನ್ನದಿದ್ದರೆ ಮೊದಲೇ ಇಲ್ಲ, ಅತ್ತ ದರಿ ಇತ್ತ ಪುಲಿ.

ವಿರೂಪಮ್ಮಾ, ಕಂಪೌಂಡರ್ ಕೂಗಿದ. ಕೂಸು ಎಚ್ಚೆತ್ತು ಅಳತೊಡಗಿದೆ, ಅದಕ್ಕೇನು, ಬಾಯಿ ತೆರೆದು ಅಳುತ್ತದೆ, ಯಾರ ಅಪ್ಪಣೆ ಬೇಕು ಅದಕ್ಕೆ, ಎದೆಯ ಹಾಲು ಹೊಟ್ಟೆಯ ತನಕ ಹರಿಯಿತು, ಕಾಲುಗಳು ಡಾಕ್ಟರಮ್ಮನ ಬಾಗಿಲಿನ ಕಡೆ ಹೋಗದೆ ಅತ್ತೆಯ ಕಡೆ ಹೋದವು, ಸೆರಗಿನ ಚುಂಗನ್ನು ಮುಂದೆ ಹಿಡಿದಳು, ಅತ್ತೀ, ಇದು ನೋಡ್ರಿ, ಜೀಡಿ, ನಾನು ಇದನ್ನ ಕಚ್ಚಿ — ಕಚ್ಚಿಕೊಂಡು — ನಮ್ಮವ್ವಗ — ಅಷ್ಟೇ ಬಂತು. ಬೈಗುಳಕ್ಕೆ ಕಿವಿ ಬಿಗಿಹಿಡಿದು ನಿಂತಳು. ಕೊಟ್ರಮ್ಮ ಚುಂಗು ಹಿಡಿದು ಬಿಸಿಲಿಗೆ ತಿರುಗಿಸಿದಳು, ಹೆಬ್ಬೆರಳಿನಿಂದ ಗೀಟನ್ನು ಸವರಿದಳು, ಹಲ್ಲಿನ ಸುಕ್ಕುಗಳನ್ನು ಸವರಿದಳು, ಆಮೇಲೆ ಅದೇ ಹೆಬ್ಬೆರಳು ಮೆಲ್ಲಗೆ ಮೇಲೆದ್ದು ತನ್ನದೇ ತುಟಿಯ ಮೂಲೆಗೆ ಹೋಯಿತು, ಅಲ್ಲಿನ ಆ ಹಳೆಯ ಕಪ್ಪಿಗೆ, ಹೊಗೆಸೊಪ್ಪಿನ ಕಲೆ ಅಂತ ಮೂರು ವರ್ಷದಿಂದ ವಿರೂಪಮ್ಮ ಅಂದುಕೊಂಡಿದ್ದ ಕಪ್ಪಿಗೆ, ಅಲ್ಲೇ ನಿಂತಿತು. ತಗೋ, ಹಸದಾನ, ಕುಡಸು ಮೊದ್ಲು, ಡಾಕ್ಟರಮ್ಮ ಕಾಯ್ಲಿ. ಕೂಸು ಮಡಿಲಿಗೆ ಬಂತು, ಬಾಯಿ ಹುಡುಕಿತು, ಹಿಡಿಯಿತು, ಅಬ್ಬಾ ಎಂಥ ಸೆಳೆತ, ಮೂರು ದಿನದ್ದನ್ನೆಲ್ಲ ಒಂದೇ ಸಲಕ್ಕೆ, ಇವಳಿಗೆ ಅಳು ಉಕ್ಕಿತು, ಕೈ ಸೆರಗಿಗೆ ಹೋಯಿತು, ಅತ್ತೆ ಸೆರಗನ್ನು ಅವಳ ಕೈಯಿಂದ ಬಿಡಿಸಿ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು, ಬಿಡಲೇ ಇಲ್ಲ, ಕತ್ತೆಯ ಕಡೆ ನೋಡುತ್ತ ಯಾರಿಗೋ ಹೇಳುವಂತೆ ಹೇಳಿದಳು, ನಾ ಬಾಣಂತಿ ಇದ್ದಾಗ ನಮ್ಮ ಮನಿ ಗುರ್ತು ಬ್ಯಾರೆ ಇತ್ತು, ಮೂರು ಗೀಟು. ಮೂರು ಗೀಟು. ವಿರೂಪಮ್ಮ ಬಾಯಿ ತೆರೆದು ಅಳುತ್ತಿದ್ದಾಳೆ, ಜನ ನೋಡುತ್ತಿದ್ದಾರೆ, ನೋಡಲಿ, ಅತ್ತೆಯ ತುಟಿಯ ಮೂಲೆಯಲ್ಲಿ ಆ ಕಪ್ಪು, ಅವಳೂ ಕಚ್ಚಿದ್ದ ಆ ಹಳೆಯ ಸೆರಗಿನ ಚುಂಗಿನಲ್ಲಿ ಮೂರು ಗೀಟು, ಮೂರು ಗೀಟು —